ರಾಗಿ ಮಿಲ್ಲಿನ ಮಹಡಿಯ ಗೋಡೆ

ಯಾರ ಮನೆಗೆ ಹೋದರೂ ನಾನು ಮೊದಲು ನೋಡುವುದು ಮನೆಯವರ ಮುಖವನ್ನಲ್ಲ, ತಲೆಯ ಮೇಲಿನ ತೊಲೆಯನ್ನು. ಮದುವೆ ಊಟಕ್ಕೆ ಕೂತರೆ ಬಿರುಕು ಬಿಟ್ಟ ಗೋಡೆಯಿಂದ ನಾಲ್ಕು ಎಲೆ ದೂರ ಕೂರುತ್ತೇನೆ. ನನ್ನದೇ ಮದುವೆಯಲ್ಲಿ, ಧಾರೆಯ ಹೊತ್ತಿಗೆ, ಚಪ್ಪರದ ಮೂಲೆಗಂಬ ಓರೆಯಾಗಿದೆಯೆಂದು ಅದನ್ನೇ ನೋಡುತ್ತಿದ್ದೆನಂತೆ. ಗಂಡಿಗೆ ಮೆಳ್ಳೆಗಣ್ಣು ಎಂದು ಹೆಣ್ಣಿನ ಕಡೆಯವರು ಗಾಬರಿಯಾಗಿದ್ದರು ಅಂತ ನನ್ನ ಹೆಂಡತಿ ಈಗಲೂ ಆಡಿಕೊಳ್ಳುತ್ತಾಳೆ. ಇಂಥ ಪುಕ್ಕಲನಿಗೆ ಸರ್ಕಾರ ಓವರ್ಸಿಯರ್ ಕೆಲಸ ಕೊಟ್ಟು, ಹಾಸನ ಸೀಮೆಯ ಗೋಡೆಗಳನ್ನು ನೋಡಿಕೊಂಡಿರಯ್ಯ ಎಂದಿತು.

ಈಗ ಈ ಕೆಲಸಕ್ಕೆ ಸೇರುತ್ತಿರುವವರು ಡಿಪ್ಲೊಮಾ ಓದಿಕೊಂಡು ಬರುತ್ತಾರೆ. ತೊಲೆಯ ಭಾರ, ಗೋಡೆಯ ದಪ್ಪ ಎಲ್ಲವನ್ನೂ ನನಗಿಂತ ಚೆನ್ನಾಗಿ ಬಲ್ಲರು. ಅವರಿಗೆ ನಾನು ಕಲಿಸುವುದೇನಿಲ್ಲ. ಬಡ್ತಿ ಯಾವಾಗ ಸಿಕ್ಕಿತು, ಯಾವ ಸಾಹೇಬರು ಬೆನ್ನು ತಟ್ಟಿದರು ಎನ್ನುವುದೂ ಬೇಡ. ಬೆನ್ನು ತಟ್ಟಿದ್ದು ಒಂದೇ ಸಲ, ಅದೂ ನನಗೆ ಕೆಮ್ಮು ಹತ್ತಿದಾಗ. ಆದರೆ ಒಂದು ಗೋಡೆಯ ವಿಷಯ ಹೇಳದೆ ಈ ಕೆಲಸ ಮುಗಿಯಿತು ಎನ್ನಲು ನನಗೆ ಆಗುತ್ತಿಲ್ಲ. ಅದಕ್ಕೆ ಮೊದಲು ಎರಡು ಸಣ್ಣ ಸಂಗತಿ ತಿಳಿದಿರಬೇಕು.

ನಾನು ಸೇರಿದಾಗ ಬಿರುಕಿನ ಪರೀಕ್ಷೆಗೆ ಇದ್ದ ಸಾಧನ ಕಾಗದ. ಬಿರುಕಿಗೆ ಅಡ್ಡಲಾಗಿ ಒಂದು ಪಟ್ಟಿ ಕಾಗದವನ್ನು ಮೈದಾ ಅಂಟಿನಿಂದ ಅಂಟಿಸಿ, ತಾರೀಖು ಹಾಕಿ, ರುಜು ಮಾಡಿ ಬರುವುದು. ತಿಂಗಳು ಬಿಟ್ಟು ಹೋದಾಗ ಕಾಗದ ಹರಿದಿದ್ದರೆ ಗೋಡೆ ಇನ್ನೂ ಸರಿಯುತ್ತಿದೆ ಎಂದರ್ಥ. ನೆಟ್ಟಗಿದ್ದರೆ ಬಿರುಕು ಹಳೆಯದು, ಭಯವಿಲ್ಲ. ಅರಕಲಗೂಡಿನ ಒಂದು ಛತ್ರದಲ್ಲಿ ಹೀಗೆ ಅಂಟಿಸಿ ಬಂದಿದ್ದೆ. ತಿಂಗಳು ಬಿಟ್ಟು ಹೋದರೆ ಪಟ್ಟಿಯ ನಟ್ಟನಡುವೆ ಅಂಗೈಯಗಲ ಕಾಗದವೇ ಇಲ್ಲ. ಆವತ್ತು ಅಲ್ಲಿ ಮದುವೆ, ಮೊದಲ ಪಂಕ್ತಿ ಕೂತಿತ್ತು. ನಾನು ಎರಡೂ ಕೈ ಎತ್ತಿ, "ಏಳಿ! ಗೋಡೆ ಬೀಳುತ್ತೆ, ಏಳಿ!" ಎಂದು ಕೂಗಿದೆ. ಇನ್ನೂರು ಜನ ಎಲೆ ದಾಟಿ, ಒಬ್ಬರ ಪಂಚೆ ಒಬ್ಬರು ತುಳಿದು, ಬೀದಿಗೆ ಓಡಿದರು.

ಸಂಜೆ ಹೊತ್ತಿಗೆ ನಮ್ಮ ಸಾಹೇಬರು ಬಂದರು. ಒಂದು ಚಿಟಿಕೆ ನಶ್ಯ ಏರಿಸಿ, ಉಳಿದ ಕಾಗದವನ್ನು ಉಗುರಿನಿಂದ ಎಬ್ಬಿಸಿದರು. ಒಳಗಿಂದ ಎರಡು ದಪ್ಪ ಜಿರಲೆಗಳು ಹೊರಬಂದವು. "ಗೋಡೆ ಸರಿದಿಲ್ಲ ಕಣ್ರಿ. ಇವು ಅಂಟಿನ ರುಚಿ ನೋಡಿವೆ" ಎಂದರು. ಹೆಣ್ಣಿನ ತಂದೆ ಅಲ್ಲೇ ನಿಂತಿದ್ದರು. "ಸಾ, ಪಾಯಸ ಬಡಿಸೋಕೆ ಮುಂಚೇನೇ ಹೇಳಿದ್ರೆ ಅದಾದ್ರೂ ಉಳಿತಿತ್ತಲ್ಲಾ" ಎಂದರು. ಅರಕಲಗೂಡಿನಲ್ಲಿ ಬಹಳ ದಿನ ನನಗೆ ಜಿರಲೆ ಓವರ್ಸಿಯರ್ ಎಂದೇ ಹೆಸರು.

ಅಂದೇ ಸಾಹೇಬರು ನನಗೆ ಗಾಜಿನ ಪಟ್ಟಿ ಹಚ್ಚುವುದನ್ನು ಹೇಳಿಕೊಟ್ಟರು. ಕಿಟಕಿಯ ತೆಳು ಗಾಜಿನಿಂದ ಒಂದು ಗೇಣು ಉದ್ದದ ಪಟ್ಟಿ ಕತ್ತರಿಸಿ, ಬಿರುಕಿನ ಈಚೆಗೊಂದು ಆಚೆಗೊಂದು ಸಿಮೆಂಟಿನ ಉಂಡೆಯಿಟ್ಟು ಕೂರಿಸುವುದು. ಗೋಡೆ ಕೂದಲೆಳೆಯಷ್ಟು ಸರಿದರೂ ಗಾಜು ಪಟ್ ಎನ್ನುತ್ತದೆ. ಜಿರಲೆಗೆ ಅದರಲ್ಲಿ ಕೆಲಸವಿಲ್ಲ.

ಎರಡನೆಯದು ಚನ್ನರಾಯಪಟ್ಟಣದ ಕಡೆಯ ಒಂದು ಶಾಲೆ. ಅಲ್ಲಿ ಹಚ್ಚಿದ ಗಾಜು ವಾರದೊಳಗೆ ಒಡೆಯಿತು. ಮಕ್ಕಳನ್ನು ಹುಣಸೆಮರದ ಕೆಳಗೆ ಕೂರಿಸಿ ಎಂದು ಬರೆದುಕೊಟ್ಟು ಬಂದೆ. "ಮತ್ತೆ ಜಿರಲೆಯೋ?" ಎಂದು ಕಚೇರಿಯಲ್ಲಿ ನಕ್ಕರು. ಮೂರನೆಯ ದಿನ ಗೋಡೆ ಹಾಗೇ ಕುಕ್ಕರಿಸಿತು. ಒಳಗೆ ಒಂದು ಕಪ್ಪುಹಲಗೆ ಬಿಟ್ಟರೆ ಯಾರೂ ಇರಲಿಲ್ಲ. ಅಲ್ಲಿಂದ ಮುಂದೆ ನನ್ನ ಮಾತಿಗೆ ಬೆಲೆ ಬಂತು. ನಾನು ಗೋಡೆ ಸರಿಯಿಲ್ಲ ಎಂದರೆ ಮತ್ತೆ ಯಾರೂ ಬಂದು ಪರೀಕ್ಷಿಸುತ್ತಿರಲಿಲ್ಲ. ಆ ಬೆಲೆಯನ್ನು ನಾನು ಎಲ್ಲಿ ಬಳಸಿದೆ ಎನ್ನುವುದೇ ಮುಂದಿನ ಕತೆ.

ಐವತ್ತರ ದಶಕದ ನಡುವೆ ನಾನು ಹಾಸನದಲ್ಲಿ ಮನೆ ಮಾಡಿದೆ. ಪೇಟೆಯ ಹಿಂದಿನ ಬೀದಿಯಲ್ಲಿ ಒಂದು ಹಳೆಯ ಎರಡಂತಸ್ತಿನ ಕಟ್ಟಡ. ಕೆಳಗೆ ರಾಗಿ ಮಿಲ್ಲು, ಖಾದರ್ ಸಾಬರ ದರ್ಜಿ ಅಂಗಡಿ, ಒಂದು ವೀಳ್ಯದೆಲೆ ಅಂಗಡಿ. ಮೇಲೆ ಉದ್ದಕ್ಕೆ ಒಂದು ವರಾಂಡ, ವರಾಂಡಕ್ಕೆ ಬಾಗಿಲು ತೆರೆದ ನಾಲ್ಕು ಬಾಡಿಗೆ ಮನೆಗಳು, ಒಂದೊಂದರಲ್ಲೂ ಎರಡೆರಡು ಕೋಣೆ. ಹಿತ್ತಿಲಲ್ಲಿ ಎಲ್ಲರಿಗೂ ಸೇರಿ ಒಂದು ನಲ್ಲಿ. ರಾಗಿ ಮಿಲ್ಲಿನ ಮಹಡಿ ಎಂದರೆ ಜಟಕಾದವರಿಗೆಲ್ಲ ಗೊತ್ತು. ಬೆಳಗ್ಗೆ ಏಳಕ್ಕೆ ಮಿಲ್ಲು ಶುರುವಾದರೆ ನಮ್ಮ ಗೂಡಿನ ಪಾತ್ರೆಗಳು ತಮ್ಮಷ್ಟಕ್ಕೆ ಮಾತಾಡಲು ಹಿಡಿಯುತ್ತಿದ್ದವು, ಲೋಟದ ಕಾಫಿಯ ಮೇಲೆ ಸಣ್ಣ ಅಲೆ ಏಳುತ್ತಿತ್ತು. ಒಗೆದು ಹರವಿದ ಪಂಚೆ ಒಣಗುವಷ್ಟರಲ್ಲಿ ಅದರ ಮೇಲೆ ಕೂತ ಹಿಟ್ಟು ಕೊಡವಿ ಒಂದು ರೊಟ್ಟಿ ತಟ್ಟಬಹುದಿತ್ತು.

ನಾನಿದ್ದದ್ದು ಮೂರನೆಯ ಮನೆ. ನನಗೂ ನಾಲ್ಕನೆಯ ಮನೆಗೂ ನಡುವಿನ ಗೋಡೆಯಲ್ಲಿ ಒಂದು ಬಿರುಕಿತ್ತು. ಅದರ ಬಾಲ ವರಾಂಡದಲ್ಲಿ, ಎರಡು ಬಾಗಿಲುಗಳ ನಡುವೆ, ಒಂದು ಮೊಳ ಕಾಣುತ್ತಿತ್ತು. ನನ್ನಂಥವನು ಬಿರುಕಿನ ಪಕ್ಕ ಸುಮ್ಮನೆ ಮಲಗುತ್ತಾನೆಯೇ? ಬಂದ ವಾರವೇ ನಮ್ಮ ಅಡುಗೆಮನೆಯ ಕಡೆಗೆ ಗಾಜು ಹಚ್ಚಿದೆ. ಎರಡು ವರ್ಷ ಮಿಲ್ಲು ಅದುರಿಸಿದರೂ ಒಡೆಯಲಿಲ್ಲ. ಹಳೆಯ ಬಿರುಕು, ಕಟ್ಟಿದ ಹೊಸದರಲ್ಲಿ ಕುಸಿದು ಆಮೇಲೆ ಕೂತುಬಿಟ್ಟದ್ದು ಎಂದು ಖಾತ್ರಿಯಾಗಿ, ಹಬ್ಬಕ್ಕೆ ಸುಣ್ಣ ಹೊಡೆಯುವಾಗ ಗಾಜು ತೆಗೆದೆ. ಆ ಗೋಡೆ ಗಟ್ಟಿ ಎಂದು ಭೂಮಿಯ ಮೇಲೆ ಬೇರೆ ಯಾರಿಗಿಂತಲೂ ಚೆನ್ನಾಗಿ ನನಗೆ ಗೊತ್ತಿತ್ತು. ಇದನ್ನು ನೆನಪಿಡಿ.

ನಾಲ್ಕನೆಯ ಮನೆ ಖಾಲಿಯಾಯಿತು. ಆಗಿನ ಕಾನೂನಿನಂತೆ ಖಾಲಿ ಮನೆಯನ್ನು ಮಾಲೀಕರು ಸರ್ಕಾರಕ್ಕೆ ತಿಳಿಸಬೇಕು, ಕಚೇರಿಯವರು ಅದನ್ನು ಮನೆಯಿಲ್ಲದ ನೌಕರರಿಗೆ ಹಂಚುತ್ತಿದ್ದರು. ಅದು ಹನುಮಯ್ಯ ಮೇಷ್ಟ್ರಿಗೆ ಬಂತು. ಹಾಸನದ ಮಿಡ್ಲ್ ಸ್ಕೂಲಿನಲ್ಲಿ ಮೇಷ್ಟ್ರು. ಮೊಸಳೆ ಎಂಬ ಹಳ್ಳಿಯ ಹತ್ತಿರದ ಊರಿನಿಂದ ದಿನಾ ಸೈಕಲ್ಲಿನಲ್ಲಿ ಬಂದು ಹೋಗುತ್ತಿದ್ದರು. ಇಬ್ಬರು ಹೆಣ್ಣುಮಕ್ಕಳನ್ನು ಇಲ್ಲಿಯ ಶಾಲೆಗೆ ಸೇರಿಸಬೇಕು, ಶಾಲೆ ತೆರೆಯುವುದರೊಳಗೆ ಮನೆ ಬೇಕು ಎಂದು ಓಡಾಡುತ್ತಿದ್ದರು. ಆದೇಶ ಹಿಡಿದು ಮನೆ ನೋಡಲು ಬಂದವರು ಕಿಟಕಿ ತೆಗೆದು, ಹಾಕಿ, ಮತ್ತೆ ತೆಗೆದು, ನನ್ನ ಕಡೆ ತಿರುಗಿ, "ಗಾಳಿ ಬೆಳಕು ಚೆನ್ನಾಗದೆ ಸಾ. ನಿಮ್ಮಂಥೋರು ಪಕ್ಕದಲ್ಲಿದ್ದೀರಿ ಅಂದ್ಮೇಲೆ ನಂಗಿನ್ನೇನು ಯೋಚನೆ?" ಎಂದರು.

ಅವರು ಮೆಟ್ಟಿಲಿಳಿದ ಮೇಲೆ ನಮ್ಮವ್ವ ಬಾಗಿಲಿಗೆ ಬಂದಳು.

"ಯಾರ್ಲಾ ಅದು?"

"ಮೇಷ್ಟ್ರು ಕಣವ್ವ. ಪಕ್ಕದ ಮನೆಗೆ ಬರ್ತಾರೆ."

"ಮೇಷ್ಟ್ರು ಸರಿ. ಯಾವ ಪೈಕಿ?"

ಮೊಸಳೆಯ ಕಡೆಯ ಯಾವ ಊರು, ಆ ಊರಿನ ಯಾವ ಕೇರಿ ಎಂದು ಹೇಳಿದೆ. ಕೇರಿಯ ಹೆಸರು ಸಾಕಾಯಿತು. ಅವ್ವ ಸೆರಗಿನಲ್ಲಿ ಬಾಯಿ ಒರೆಸಿಕೊಂಡಳು. "ಒಂದೇ ನಲ್ಲಿ ಕಣ್ಲಾ. ನಾನು ಒಳೆನರಸೀಪುರಕ್ಕೆ ನಿಮ್ಮಕ್ಕನ ಮನೆಗೆ ಓಯ್ತೀನಿ. ನಾಳೆ ಬಸ್ಸಿಗೆ ಕೂರಿಸ್ಬುಡು."

ಎಲ್ಲವನ್ನೂ ಅವ್ವನ ತಲೆಗೆ ಕಟ್ಟಿದರೆ ನನಗೆ ಸುಲಭ. ಈಗ ಅವಳೂ ಇಲ್ಲ, ಎದುರು ಮಾತಾಡುವುದಿಲ್ಲ. ಆದರೆ ಅವ್ವ ಊರಿಗೆ ಹೋಗುತ್ತೇನೆ ಎಂದಳೇ ಹೊರತು ಸುಳ್ಳು ಬರೆ ಎನ್ನಲಿಲ್ಲ.

ಮಾರನೆಯ ದಿನ ಕಟ್ಟಡದ ಯಜಮಾನರು ತಮ್ಮಣ್ಣಗೌಡರು ಮೆಟ್ಟಿಲೇರಿ ಬಂದರು. ನಮ್ಮ ಕಡೆಯವರೇ, ದೂರದ ನೆಂಟರು. ಚಾಪೆಯ ಮೇಲೆ ಕೂತು ಬಿರುಕನ್ನೇ ನೋಡಿದರು.

"ಓವರ್ಸಿಯರೇ, ಈ ಗೋಡೆ ಬಿಟ್ಕಂಡದಲ್ಲ?"

"ಅದು ಹಳೇ ಬಿರುಕು ಗೌಡರೇ. ಏನೂ ಆಗಲ್ಲ."

"ಏನೂ ಆಗಲ್ಲ ಅಂತ ಇಂಥ ಜಾಗಕ್ಕೆ ಮಕ್ಕಳೊಂದಿಗರನ್ನ ತಂದಾಕಬೋದಾ? ನಾಳೆ ಬಿದ್ರೆ ಪಾಪ ಯಾರಿಗೆ? ನೀವು ತಿಳಿದೋರು." ಆಮೇಲೆ ಅವ್ವನ ಕಡೆ ತಿರುಗಿ, "ಏನಕ್ಕ, ಊರಿಗೋಯ್ತೀಯಂತೆ? ಯಾಕೋಯ್ತೀಯ, ಇರು. ನಿನ್ನ ಮಗ ಇಲ್ವಾ?" ಎಂದರು.

ಅಷ್ಟೇ. ಕೊಟ್ಟದ್ದಿಲ್ಲ, ತೆಗೆದುಕೊಂಡದ್ದಿಲ್ಲ. ಲಂಚ ಮುಟ್ಟದವನು ಎಂದು ಕಚೇರಿಯಲ್ಲಿ ನನಗೆ ಹೆಸರಿತ್ತು, ಅದು ಹಾಗೇ ಉಳಿಯಿತು. ನಾನು ತೊಲೆ ಬೀಳುತ್ತದೆಂದು ಹೆದರುವವನು ಮಾತ್ರವಲ್ಲ. ಅವ್ವ ಮುನಿಸಿಕೊಂಡಾಳು, ನೆಂಟರು ಆಡಿಕೊಂಡಾರು, ಗೌಡರು ಮನೆ ಬಿಡಿಸಿಯಾರು ಎಂದೂ ಹೆದರುವವನು. ಮಧ್ಯಾಹ್ನ ಕಚೇರಿಯಲ್ಲಿ ಕೂತು ಬರೆದೆ: ನಾಲ್ಕನೆಯ ಮನೆಯ ಉತ್ತರದ ಗೋಡೆ ಸರಿಯುತ್ತಿದೆ, ವಾಸಕ್ಕೆ ಯೋಗ್ಯವಲ್ಲ. ನಾಲ್ಕನೆಯ ಮನೆಯ ಉತ್ತರದ ಗೋಡೆಯೆಂದರೆ ನನ್ನ ಮನೆಯ ದಕ್ಷಿಣದ ಗೋಡೆ. ಒಂದೇ ಗೋಡೆ, ಒಂದೂವರೆ ಅಡಿ ದಪ್ಪ. ಈ ಮಗ್ಗುಲಲ್ಲಿ ನಮ್ಮವ್ವ ಒರಗಿಕೊಂಡು ಅವರೆಕಾಳು ಹಿಸುಕುತ್ತಿದ್ದಳು, ಆ ಮಗ್ಗುಲು ಮನುಷ್ಯರಿರಲು ಯೋಗ್ಯವಲ್ಲ.

ಸಾಹೇಬರು ಓದಿದರು. "ನೀವೇ ಅಲ್ಲಿ ವಾಸ ಇದ್ದೀರಿ. ನಾನೇನು ಬಂದು ನೋಡೋದು?" ಎಂದು ರುಜು ಹಾಕಿದರು. ಕಾಗದ ವಾಪಸು ಕೊಡುವಾಗ ನಶ್ಯದ ಡಬ್ಬಿ ಮುಚ್ಚುತ್ತಾ, "ಅಂದ ಹಾಗೆ, ನೀವು ಯಾವಾಗ ಮನೆ ಬಿಡ್ತೀರಿ?" ಎಂದರು. ನಾನು ಕಾಗದ ತೆಗೆದುಕೊಂಡು ಬಾಗಿಲಿನತ್ತ ನಡೆದೆ. ಅವರೂ ಮತ್ತೆ ಕೇಳಲಿಲ್ಲ.

ನಿಯಮದಂತೆ ಬಿರುಕಿಗೆ ಗಾಜು ಹಚ್ಚಲೇಬೇಕು. ಮರುದಿನ ಬೆಳಗ್ಗೆ ವರಾಂಡದಲ್ಲಿ, ಎರಡು ಬಾಗಿಲುಗಳ ನಡುವೆ, ಸಿಮೆಂಟು ಕಲಸಿಕೊಂಡು ನಿಂತಿದ್ದೆ. ಕೆಳಗೆ ಎತ್ತಿನ ಗಾಡಿಯೊಂದು ಬಂದು ಮಿಲ್ಲಿನ ಮುಂದೆ ನಿಂತಿತು. ಎರಡು ಟ್ರಂಕು, ಹಾಸಿಗೆ ಸುರುಳಿ, ಒಂದು ಒರಳು, ಸಾಮಾನಿನ ಮೇಲೆ ಮೇಷ್ಟ್ರ ಹೆಂಡತಿ, ಎಣ್ಣೆ ಹಚ್ಚಿ ಬಿಗಿಯಾಗಿ ಜಡೆ ಹಾಕಿಸಿಕೊಂಡ ಇಬ್ಬರು ಹೆಣ್ಣುಮಕ್ಕಳು. ಅವರಿಗೆ ಇನ್ನೂ ತಿಳಿಸಿರಲಿಲ್ಲ. ಕಚೇರಿಯ ಕಾಗದ ಅವರಿಗಿಂತ ನಿಧಾನ.

ಮೇಷ್ಟ್ರು ನಗುತ್ತಲೇ ಮೇಲೆ ಬಂದರು. ಗೋಡೆ ಸರಿಯುತ್ತಿದೆ, ಈ ಮನೆ ಸಿಗುವುದಿಲ್ಲ ಎಂದು ನಾನು ಹೇಳಿದೆ. ಅವರ ಮುಖ ನೋಡಲಾರದೆ ಗಾಜಿನ ವಿಷಯವನ್ನೇ ಉದ್ದಕ್ಕೆ ವಿವರಿಸಿದೆ: ಹೀಗೆ ಕೂರಿಸುವುದು, ಗೋಡೆ ಕೂದಲೆಳೆ ಸರಿದರೂ ಒಡೆಯುವುದು, ಚನ್ನರಾಯಪಟ್ಟಣದಲ್ಲಿ ಹೀಗಾಯಿತು. ಅವರು ಕೈಕಟ್ಟಿ ಪಾಠ ಕೇಳುವಂತೆ ಕೇಳಿದರು.

"ಅಂದ್ರೆ ಗೋಡೆ ಬೀಳೋಕೆ ಮುಂಚೆ ಗಾಜು ಹೇಳ್ಬುಡ್ತದೆ ಅನ್ನಿ."

"ಹೌದು."

"ಒಳ್ಳೇದಾಯ್ತು ಸಾ. ಇಲ್ದಿದ್ರೆ ಮಕ್ಕಳನ್ನ ಇದರ ಕೆಳಗೇ ಮಲಗಿಸ್ತಿದ್ದೆ."

ಅವರು ಇಳಿದುಹೋಗಿ ಗಾಡಿಯ ಬಳಿ ಏನೋ ಹೇಳಿದರು. ಅವರ ಹೆಂಡತಿ ತಲೆಯೆತ್ತಿ ಮಹಡಿಯ ಮೇಲೆ ನಿಂತ ನನ್ನನ್ನು ನೋಡಿ ಕೈ ಮುಗಿದಳು. ನನ್ನ ಎರಡೂ ಕೈಯಲ್ಲಿ ಸಿಮೆಂಟಿತ್ತು, ತಿರುಗಿ ಮುಗಿಯಲಿಲ್ಲ. ಅದೇ ನೆಪವಾಯಿತು. ಗಾಡಿ ಆ ಇಕ್ಕಟ್ಟು ಬೀದಿಯಲ್ಲಿ ತಿರುಗಲು ಬಹಳ ಹೊತ್ತು ಹಿಡಿಯಿತು.

ಖಾದರ್ ಸಾಬರು ಹೊಲಿಗೆ ಮಿಷನ್ನು ನಿಲ್ಲಿಸಿ ಎಲ್ಲ ನೋಡುತ್ತಿದ್ದರು. ನಾನು ಕೈ ತೊಳೆಯಲು ಇಳಿದಾಗ, "ಏನ್ ಸಾಬ್, ಗೋಡೆ ಬೀಳುತ್ತಂತೆ? ನನ್ನ ಅಂಗಡಿ ಸರಿಯಾಗಿ ಅದರ ಕೆಳಗೇ ಇದೆ. ನಾನೂ ಖಾಲಿ ಮಾಡ್ಲಾ?" ಎಂದರು.

"ನೀವ್ಯಾಕೆ ಮಾಡ್ತೀರಿ? ಬೇಡ."

"ಓಹೋ. ಹಂಗಾದ್ರೆ ಆಳು ನೋಡಿ ಬೀಳೋ ಗೋಡೆ." ಇಷ್ಟು ಹೇಳಿ ಮತ್ತೆ ಮಿಷನ್ನು ತುಳಿಯತೊಡಗಿದರು. ಆಮೇಲೆ ನನ್ನ ಅಂಗಿ ಹೊಲಿಯಲು ಬೇರೆ ದರ್ಜಿಯನ್ನು ನೋಡಿಕೊಂಡೆ.

ಹತ್ತು ದಿನದ ಮೇಲೆ ಮೇಷ್ಟ್ರು ಕಚೇರಿಯ ಬಾಗಿಲಲ್ಲಿ ಕಾಣಿಸಿಕೊಂಡರು. ಸುಳ್ಳು ತಿಳಿದುಹೋಗಿದೆ, ಬೈಯಲು ಬಂದಿದ್ದಾರೆ ಎಂದುಕೊಂಡೆ. ಅವರು ನನ್ನನ್ನು ಪಕ್ಕಕ್ಕೆ ಕರೆದು ದನಿ ತಗ್ಗಿಸಿದರು.

"ಸಾ, ನಂಗೆ ಊರಾಚೆ ಕಾಲೋನಿಯಲ್ಲಿ ಒಂದು ಸಣ್ಣ ಮನೆ ಸಿಗೋ ಹಂಗದೆ. ಅದಿರ್ಲಿ. ನಂಗೆ ಆವತ್ತಿಂದ ಒಂದೇ ಯೋಚನೆ. ಆ ಗೋಡೆ ಬಿದ್ರೆ ನಮ್ಮ ಕಡೆ ಮಾತ್ರ ಬೀಳ್ತದಾ? ನಿಮ್ಮ ಕಡೆಗೂ ಬರಲ್ವಾ? ವಯಸ್ಸಾದ ತಾಯಿ ಅವ್ರೆ, ಮಕ್ಕಳವ್ರೆ. ನೀವು ಬೇರೆಯೋರ ಮನೆ ನೋಡ್ಕಂಡು ನಿಮ್ಮ ಮನೆ ಮರ್ತಿದ್ದೀರಿ. ನಮ್ಮ ಸಾಲಿನಲ್ಲೇ ಇನ್ನೊಂದು ಮನೆ ಖಾಲಿ ಅದೆ. ಗೋಡೆ ಗಟ್ಟಿ ಅದೆ, ನಾನೇ ತಟ್ಟಿ ನೋಡಿವ್ನಿ. ನಿಮಗೆ ಅಂತ ಹಿಡಿದು ಮಡಗಿಸಿವ್ನಿ. ಬಂದ್ಬುಡಿ ಸಾ."

ನನ್ನ ಕೆಲಸದಲ್ಲಿ ಸಾಹೇಬರಿಂದ, ಗುತ್ತಿಗೆದಾರರಿಂದ, ಅರಕಲಗೂಡಿನ ಬೀಗರಿಂದ ಬಗೆಬಗೆಯ ಬೈಗುಳ ತಿಂದಿದ್ದೇನೆ. ಯಾವುದೂ ಇಷ್ಟು ತಟ್ಟಲಿಲ್ಲ. ಅವ್ವನಿಗೆ ಅಷ್ಟು ದೂರ ಆಗುವುದಿಲ್ಲ ಎಂದೆ. ಅವರು ಇನ್ನೆರಡು ಸಲ ಬಂದರು. ಎರಡನೆಯ ಸಲ ನಾನು ಕಡತದ ಕೋಣೆಯಲ್ಲಿ ಅಡಗಿ ಕೂತು, ಇಲ್ಲ ಎಂದು ಹೇಳಿಸಿದೆ. ಕಾಲೋನಿಯ ಮನೆ ಕೈಗೆ ಬರುವಷ್ಟರಲ್ಲಿ ಶಾಲೆ ತೆರೆದು ತಿಂಗಳುಗಳಾಗಿತ್ತು. ದೊಡ್ಡ ಹುಡುಗಿಗೆ ಆ ವರ್ಷ ಹೋಯಿತು.

ಇತ್ತ ಗೌಡರು ನಾಲ್ಕನೆಯ ಮನೆಗೆ ಒಂದು ಕೈ ಸುಣ್ಣ ಹೊಡೆಸಿದರು. ದುರಸ್ತಿಯಾಗಿದೆ, ಈಗ ವಾಸಕ್ಕೆ ಯೋಗ್ಯ ಎಂದು ಬರೆದುಕೊಟ್ಟವನೂ ನಾನೇ. ಅಷ್ಟರಲ್ಲಿ ಹಂಚುವ ಪಟ್ಟಿಯಿಂದ ಬಿಟ್ಟುಹೋಗಿದ್ದ ಆ ಮನೆಗೆ ಗೌಡರ ಭಾವಮೈದ ಸಂಸಾರ ಸಮೇತ ಬಂದ. ಸುಣ್ಣದಿಂದ ಗೋಡೆ ಗಟ್ಟಿಯಾದದ್ದು ನನ್ನ ಇಡೀ ಕೆಲಸದಲ್ಲಿ ಅದೊಂದೇ.

ವರಾಂಡದ ಗಾಜನ್ನು ಮಾತ್ರ ಯಾರೂ ತೆಗೆಯಲಿಲ್ಲ. ದಿನಾ ಬೆಳಗ್ಗೆ ಬಾಗಿಲು ತೆಗೆದರೆ ಅದೇ ಮೊದಲು ಕಾಣುವುದು. ನನ್ನ ಮನಸ್ಸು ಎಲ್ಲಿಗೆ ಬಂತೆಂದರೆ, ಆ ಗಾಜು ಒಡೆಯಲಿ ಎಂದು ಹಾರೈಸತೊಡಗಿದೆ. ಹೆಂಡತಿ ಮಕ್ಕಳು ಅದೇ ಗೋಡೆಯ ಪಕ್ಕ ಮಲಗಿರುವಾಗ, ದೇವರೇ ಗೋಡೆ ಒಂದಿಷ್ಟು ಸರಿಯಲಿ, ನಾನು ಬರೆದದ್ದು ನಿಜವಾಗಲಿ ಎಂದು ಬೇಡಿಕೊಳ್ಳುವ ಓವರ್ಸಿಯರನನ್ನು ನೀವು ಕಂಡಿದ್ದೀರಾ? ಮಿಲ್ಲಿನವರು ದೊಡ್ಡ ಮೋಟಾರು ತಂದು ಕೂರಿಸಿದರು. ಒಳಗೆ ಪಾತ್ರೆ ಉರುಳಿ ಬಿದ್ದವು, ಗಾಜು ಒಡೆಯಲಿಲ್ಲ. ಒಂದು ಭಾನುವಾರ ಯಾರೂ ಇಲ್ಲದಾಗ ಕೊಡೆಯ ಹಿಡಿಯಿಂದ ನಾನೇ ಕುಟ್ಟಿಬಿಡೋಣವೆಂದು ಕೈ ಎತ್ತಿದ್ದೂ ಉಂಟು. ಕುಟ್ಟಲಿಲ್ಲ. ಒಳ್ಳೆಯತನದಿಂದಲ್ಲ, ಖಾದರ್ ಸಾಬರು ಕೆಳಗಿನಿಂದ ಕೆಮ್ಮಿದರು.

"ಅದೇನ್ಲಾ ದಿನಾ ಅದರ ಮುಂದೆ ನಿಂತ್ಕತ್ತೀಯ? ಅದೇನು ಕನ್ನಡೀನಾ?" ಎಂದು ಅವ್ವ ಕೇಳುತ್ತಿದ್ದಳು.

ಹೀಗೆ ಹನ್ನೊಂದು ವರ್ಷ. ಅಷ್ಟರಲ್ಲಿ ಅವ್ವ ತೀರಿಕೊಂಡಳು. ನನಗೆ ನಿವೃತ್ತಿ ಹತ್ತಿರವಾಯಿತು. ಒಂದು ಬೆಳಗ್ಗೆ ಮುಖಕ್ಷೌರಕ್ಕೆಂದು ವರಾಂಡದಲ್ಲಿ ಸೋಪು ಹಚ್ಚಿಕೊಂಡು ಕೂತು ಅರ್ಧ ಮುಖ ಬೋಳಿಸಿದ್ದೆ. ಮೆಟ್ಟಿಲ ಮೇಲೆ ಹನುಮಯ್ಯ ಮೇಷ್ಟ್ರು. ಕೂದಲು ಬೆಳ್ಳಗಾಗಿತ್ತು, ಕಂಕುಳಲ್ಲಿ ಸುತ್ತಿದ ನಕ್ಷೆ. ಈಗ ಅವರು ಹೆಡ್‌ಮಾಸ್ಟರು. ದೊಡ್ಡ ಮಗಳು ನರ್ಸ್ ಆಗಿದ್ದಾಳೆ, ಕಾಲೋನಿಯ ಅಂಚಿನಲ್ಲಿ ಸ್ವಂತ ಮನೆಗೆ ಕೈ ಹಾಕಿದ್ದೇವೆ ಎಂದರು.

"ಪಾಯ ತೆಗೆಸ್ತಾ ಇವ್ನಿ ಸಾ. ಬೇರೆ ಯಾರು ಹೇಳಿದ್ರೂ ನನ್ನ ಹೆಂಡ್ತಿ ಒಪ್ಪಲ್ಲ. ಮಕ್ಕಳನ್ನ ಉಳಿಸಿದೋರು, ಅವರೇ ಬಂದು ನೋಡ್ಬೇಕು ಅಂತವ್ಳೆ."

ಅವರು ನಕ್ಷೆ ಬಿಚ್ಚುತ್ತಿದ್ದಂತೆ ನಾನು ಒಳಗೆ ಹೆಂಡತಿಗೆ ಕೂಗಿ ಕಾಫಿ ಹೇಳಿದೆ. ಅಷ್ಟರಲ್ಲಿ ಅವರ ಕಣ್ಣು ಗೋಡೆಯ ಮೇಲೆ ಹೋಯಿತು.

"ಅಲೆಲೆ, ಗಾಜು! ನಾನು ಪ್ರತಿ ವರ್ಷ ನಮ್ಮ ಸ್ಕೂಲಲ್ಲಿ ಇದರ ಪಾಠ ಮಾಡ್ತೀನಿ ಸಾ, ನೀವು ಹೇಳಿಕೊಟ್ಟಂಗೇ." ಹತ್ತಿರ ಹೋಗಿ, ಅದರ ಮೇಲೆ ಕೂತಿದ್ದ ರಾಗಿಹಿಟ್ಟನ್ನು ಹೆಬ್ಬೆರಳಿನಿಂದ ಒರೆಸಿದರು. ಈ ತುದಿಯಿಂದ ಆ ತುದಿಗೆ ಬೆರಳಾಡಿಸಿದರು. ಮತ್ತೆ ಒಮ್ಮೆ ಆಡಿಸಿದರು. ಶಾಯಿಯಲ್ಲಿ ಬರೆದ ತಾರೀಖು ಎಂದೋ ಅಳಿಸಿಹೋಗಿತ್ತು.

"ಇದು ಬೇರೆ ಗಾಜಲ್ವಾ ಸಾ? ಆವತ್ತಿಂದು ಒಡೆದೋಗಿರ್ಬೇಕು."

ಹೌದು ಎಂದರೆ ಮುಗಿಯುತ್ತಿತ್ತು. ಅವರೇ ನನಗೆ ಬಾಗಿಲು ತೆಗೆದು ಹಿಡಿದಿದ್ದರು. ನನ್ನ ಅರ್ಧ ಮುಖದಲ್ಲಿ ಸೋಪಿನ ನೊರೆ ಒಣಗುತ್ತಿತ್ತು.

"ಅದೇ ಗಾಜು ಮೇಷ್ಟ್ರೇ" ಎಂದೆ. "ಆ ಗೋಡೆಗೆ ಆವತ್ತೂ ಏನೂ ಆಗಿರಲಿಲ್ಲ. ನನಗೆ ಗೊತ್ತಿತ್ತು."

ಕೆಳಗೆ ಮಿಲ್ಲು ಶುರುವಾಯಿತು. ಗೂಡಿನ ಪಾತ್ರೆಗಳು ಎದ್ದವು. ಅವರು ಗೋಡೆಯನ್ನು ನೋಡಿದರು, ಪಕ್ಕದ ಮನೆಯ ಬಾಗಿಲನ್ನು ನೋಡಿದರು, ಕೆಳಗೆ ಹಿತ್ತಿಲ ನಲ್ಲಿಗೆ ಹೋಗುವ ಓಣಿಯನ್ನು ನೋಡಿದರು. ಒಂದೊಂದನ್ನೂ ನೋಡಿ ಮುಗಿಸುವಷ್ಟು ಹೊತ್ತು ನೋಡಿದರು. ಆಮೇಲೆ ಬಿಚ್ಚಿದ್ದ ನಕ್ಷೆಯನ್ನು ನಿಧಾನವಾಗಿ ಸುತ್ತಿ ಕಂಕುಳಿಗೆ ಸೇರಿಸಿದರು.

"ನಮ್ಮೋಳು ಆವತ್ತು ಗಾಡಿ ಮೇಲಿಂದ ನಿಮಗೆ ಕೈ ಮುಗಿದ್ಲು" ಎಂದರು.

"ನೋಡಿದೆ."

"ಅವಳಿಗೆ ನಾನು ಹೇಳಕ್ಕೋಗಲ್ಲ." ಮೆಟ್ಟಿಲ ತನಕ ಹೋಗಿ ನಿಂತರು. "ನಿಮ್ಮ ತಾಯಿ ಚೆನ್ನಾಗವ್ರಾ?"

"ಹೋದ್ರು. ಮೂರು ವರ್ಷ ಆಯ್ತು."

"ಅಯ್ಯೋ, ಗೊತ್ತಾಗ್ಲಿಲ್ಲ" ಎಂದರು. ನಿಜವಾಗಿ ಮರುಗಿಯೇ ಎಂದರು. "ಬತ್ತೀನಿ" ಎಂದರು. ಸಾ ಎನ್ನಲಿಲ್ಲ.

ಹೆಂಡತಿ ಎರಡು ಲೋಟ ಕಾಫಿ ಹಿಡಿದು ಬಂದಾಗ ವರಾಂಡದಲ್ಲಿ ಅರ್ಧ ಮುಖ ಬೋಳಿಸಿಕೊಂಡ ನಾನೊಬ್ಬನೇ ಇದ್ದೆ.

ಆ ಹಳೆಯ ವರದಿ ಸುಳ್ಳು ಎಂದು ಕಚೇರಿಗೆ ಬರೆದುಕೊಟ್ಟೆ. ಹೊಸ ಸಾಹೇಬರು ನನ್ನನ್ನು ಕರೆಸಿ, "ಅವಧಿ ಮೀರಿದ ಕಡತ, ಸುಟ್ಟಾಗಿದೆ ಕಣ್ರಿ. ಇಲ್ಲದ್ದನ್ನ ಹೇಗೆ ತಿದ್ದೋದು? ಮನೆಗೆ ಹೋಗಿ ಸುಧಾರಿಸಿಕೊಳ್ಳಿ" ಎಂದರು. ನಾನು ಹೇಳಿದ್ದನ್ನು ಅವರು ನಂಬಲಿಲ್ಲ ಎಂದು ಕಾಣುತ್ತದೆ. ಸುಳ್ಳು ಬರೆದಾಗ ಯಾರೂ ಅನುಮಾನಪಟ್ಟಿರಲಿಲ್ಲ.

ನಿವೃತ್ತನಾದ ಮೇಲೆ ಸಂಜೆ ನಡೆಯಲು ಹೋಗುವ ಅಭ್ಯಾಸ ಮಾಡಿಕೊಂಡಿದ್ದೇನೆ. ಕಾಲುಗಳು ತಾವಾಗಿಯೇ ಕಾಲೋನಿಯ ಕಡೆ ಹೋಗುತ್ತವೆ. ಒಂದು ದಿನ ರಸ್ತೆಯ ಈಚೆ ಬದಿಯಲ್ಲಿ ನಿಂತು ಮೇಷ್ಟ್ರ ನಿವೇಶನ ನೋಡಿದೆ. ಆಚೆಗೆ ದಾಟಲಿಲ್ಲ. ದಾಟದೆಯೂ ಕಾಣುತ್ತಿತ್ತು: ಗಟ್ಟಿ ನೆಲ ಸಿಗುವ ತನಕ ಅಗೆಸಿದ್ದರು, ಮೂಲೆಯ ಕಲ್ಲುಗಳನ್ನು ಒಂದು ಸಾಲಿನ ಸಂದು ಇನ್ನೊಂದು ಸಾಲಿನ ಸಂದಿನ ಮೇಲೆ ಬರದಂತೆ ಕೂರಿಸಿದ್ದರು, ನೀರು ನಿಲ್ಲದಂತೆ ಸುತ್ತ ಇಳಿಜಾರು ಕೊಟ್ಟಿದ್ದರು. ಹೆದರುವುದಕ್ಕೆ ಏನಾದರೂ ಸಿಕ್ಕೀತೇ ಎಂದು ಕತ್ತಲಾಗುವ ತನಕ ಹುಡುಕಿದೆ. ಪಾಯ ಎಲ್ಲ ಕಡೆಯೂ ಸರಿಯಾಗಿತ್ತು. ಯಾರೋ ತಿಳಿದವರು ಬಂದು ನೋಡಿದ್ದರು.